ಮೂವತ್ತೊಂದು ಮನೆಯವರು ಕೇಳಿದ ಗಟಾರ

ಇಚಲಕರಂಜಿ
ಸೋಮವಾರ, ೧೩ ನವೆಂಬರ್ ೧೯೬೧

ಪ್ರೀತಿಯ ಅಕ್ಕನಿಗೆ ಕಾಡಸಿದ್ದನ ನಮಸ್ಕಾರ.

ನಿನ್ನೆ ಮುಂಜಾನೆ ಕೊಲ್ಹಾಪುರದಿಂದ ಹೊರಟು, ಬಸ್ಸಿನ ಮೇಲೆ ಗುದ್ದಲಿ, ಸಲಿಕೆ, ಬುಟ್ಟಿ ಎಲ್ಲ ಕಟ್ಟಿಕೊಂಡು ಇಚಲಕರಂಜಿ ಮುಟ್ಟಿದೆವು. ನಮ್ಮ ಕಾಲೇಜಿನಿಂದ ಹನ್ನೆರಡು ಮಂದಿ, ಅದರಲ್ಲಿ ಇಬ್ಬರು ಹುಡುಗಿಯರು ಈ ಊರಿನವರೇ. ಉಳಿದ ಹತ್ತು ಜನ ದೀಪಾವಳಿ ರಜೆಯಲ್ಲಿರುವ ಒಂದು ಶಾಲೆಯ ಖೋಲಿಯಲ್ಲಿ ಇಳಿದುಕೊಂಡಿದ್ದೇವೆ. ತಿಂಗಳ ಕೊನೆಯವರೆಗೆ ಇಲ್ಲಿ ಸಮಾಜ ಸೇವೆ. ಈ ತಂಡಕ್ಕೆ ನಾನು ಪ್ರಮುಖ ಅಕ್ಕಾ. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಾಲೇಜಿನ ಸರ್ ಎಲ್ಲರೆದುರಿಗೆ ಹಾಜರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇಪ್ಪತ್ತೇಳಕ್ಕೆ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಇವರೆಲ್ಲ ನಿನ್ನ ಮಾತು ಕೇಳಬೇಕು" ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾತು ಕೇಳಿಸುವುದು ಎಷ್ಟು ಕಷ್ಟ ಎಂದು ಒಂದೇ ದಿನದಲ್ಲಿ ತಿಳಿಯಿತು. ನನ್ನ ಖೋಲಿಯ ಗೆಳೆಯ ಆಬಾಸಾಹೇಬ ಕುಸ್ತಿ ಮಾಡುವವನು, ಒಬ್ಬನೇ ಆರು ಭಕ್ಕರಿ ತಿನ್ನುತ್ತಾನೆ. ಜಿನದತ್ತ ಜೈನರವನು, ಹೊತ್ತು ಮುಳುಗುವ ಮೊದಲೇ ಅವನ ಊಟ ಆಗಬೇಕು. ಅಡಿಗೆಯ ಪಾಳಿ ಹಚ್ಚುವುದರಲ್ಲೇ ನನ್ನ ಅರ್ಧ ದಿನ ಹೋಯಿತು. ಆದರೂ ನಾಲ್ಕು ತುಕಡಿ ಮಾಡಿ, ಯಾರು ಎಲ್ಲಿ ಎಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಾಯಿತು.

ನಮಗೆ ಕೊಟ್ಟದ್ದು ಮಗ್ಗದ ಕಾರಖಾನೆಗಳ ಹಿಂದಿನ ಒಂದು ಓಣಿ. ನಲವತ್ತಾರು ಮನೆ. ಬಹುತೇಕ ಎಲ್ಲರೂ ತೇರದಾಳ, ಬನಹಟ್ಟಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರು. ಮನೆ ಮನೆಗೆ ಹೋಗಿ ಏನು ಬೇಕೆಂದು ಕೇಳಿ, ಹೆಚ್ಚು ಜನ ಕೇಳಿದ್ದನ್ನು ಮಾಡಿಕೊಡುವುದು ನಮ್ಮ ಯೋಜನೆ. ನಿನ್ನೆ ಸಂಜೆ ಜಿನದತ್ತನನ್ನು ಕರೆದುಕೊಂಡು ನಾನೇ ಒಂದು ಸುತ್ತು ಹೋಗಿ ಬಂದೆ. ಅಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ದೊಡ್ಡದೇನಲ್ಲ, ಬಿಡು.

ಇನ್ನೊಂದು ಮಾತು. ಕಾರ್ಡು ಬರೆಯಬೇಡ. ಇನ್‌ಲ್ಯಾಂಡ್ ಪತ್ರವನ್ನೇ ಬರೆದು ಚೆನ್ನಾಗಿ ಅಂಟಿಸಿ ಹಾಕು. ಮೇಲಿನ ವಿಳಾಸ ಮರಾಠಿಯಲ್ಲಿರಲಿ. ಇಲ್ಲಿ ಟಪಾಲು ಹತ್ತು ಜನರ ಕೈ ದಾಟಿ ಬರುತ್ತದೆ.

ನಿನ್ನ
ಸಿದ್ದ


ಗಡಹಿಂಗ್ಲಜ
ಬುಧವಾರ, ೧೫ ನವೆಂಬರ್ ೧೯೬೧

ಚಿರಂಜೀವಿ ಸಿದ್ದನಿಗೆ ಬಾಳಕ್ಕನ ಆಶೀರ್ವಾದ.

ಅಂಟಿಸಿ ಹಾಕು ಎಂದೆಯಲ್ಲ, ಆಗಲೇ ನನಗೆ ವಾಸನೆ ಬಡಿಯಿತು. ಮೂರು ವರ್ಷದಿಂದ ಕಾರ್ಡು ಬರೆಯುತ್ತಿದ್ದೇನೆ, ಅದರಲ್ಲಿ ನಾನು ಯಾವ ಗುಟ್ಟು ಬರೆದಿದ್ದೆ? ಈಗ ಒಮ್ಮೆಲೇ ಮುಚ್ಚಿ ಕಳಿಸು ಎನ್ನುತ್ತೀಯ. ಇಬ್ಬರು ಹುಡುಗಿಯರು ಎಂದು ಬರೆದೆ, ಹೆಸರು ಮಾತ್ರ ಬರೆಯಲಿಲ್ಲ. ಆಬಾಸಾಹೇಬನ ಭಕ್ಕರಿ ಎಣಿಸಿದವನಿಗೆ ಅವರ ಹೆಸರು ನೆನಪಿಗೆ ಬರಲಿಲ್ಲವೇ? ಓಣಿಯಲ್ಲಿ ನಡೆದ ಸಣ್ಣ ಸಂಗತಿ ಯಾವುದೋ ಮಾರಾಯ? ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ಹೇಳಬೇಡ ಎನ್ನುವುದಾದರೆ ಮೊದಲು ನನಗೆ ಹೇಳು.

ಇರಲಿ. ನೀನು ಮುಂದಾಳಾದದ್ದು ಕೇಳಿ ನನ್ನ ಎದೆ ತುಂಬಿತು. ಶಾಲೆಯಲ್ಲಿ ನನ್ನ ಜೊತೆ ಕಲಿಸುವ ಎಲ್ಲ ಬಾಯಿಯವರಿಗೂ ಹೇಳಿದೆ, ಎರಡೆರಡು ಸಲ ಹೇಳಿದೆ. ಹನ್ನೆರಡು ವರ್ಷ ಮಕ್ಕಳನ್ನು ಸಂಭಾಳಿಸಿದವಳಾಗಿ ಒಂದು ಮಾತು: ಯಾರು ಜೋರಾಗಿ ಮಾತಾಡುತ್ತಾರೋ ಅವರಿಗೆ ಕೈ ಕೆಲಸ ಕೊಡು, ಯಾರು ಸುಮ್ಮನಿರುತ್ತಾರೋ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳು.

ಆ ಓಣಿಯವರು ನಿನ್ನ ಪಾಲಿಗೆ ಬಂದದ್ದು ಅವರ ಪುಣ್ಯ. ಉಳಿದ ಹನ್ನೊಂದು ಮಂದಿಗೆ ಅವರ ಮಾತು ಬಾರದಿದ್ದರೇನು, ಮುಂದಾಳಿಗೆ ಬರುತ್ತದಲ್ಲ. ನಿನಗೆ ಐದು ವರ್ಷವಿದ್ದಾಗ ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿ ಕನ್ನಡ ಅಕ್ಷರ ತಿದ್ದಿಸಿದವಳು ನಾನು. ಶಾಲೆಯಲ್ಲಿ ನಾನು ಕಲಿಸುವುದೆಲ್ಲ ಮರಾಠಿ. ನಿನ್ನ ನಂತರ ಯಾರಿಗೂ ಆ ಅಕ್ಷರ ಕಲಿಸುವ ಪ್ರಸಂಗ ನನಗೆ ಬರಲೇ ಇಲ್ಲ. ನೀನು ತಿದ್ದಿದ ಆ ಸ್ಲೇಟಿನ ಪಾಟಿ ಇನ್ನೂ ನನ್ನ ಟ್ರಂಕಿನಲ್ಲಿದೆ.

ಹುಡುಗಿಯ ಹೆಸರು ಬರಿ.

ಬಾಳಕ್ಕ


ಇಚಲಕರಂಜಿ
ಶನಿವಾರ, ೧೮ ನವೆಂಬರ್ ೧೯೬೧

ಪ್ರೀತಿಯ ಅಕ್ಕನಿಗೆ,

ಹುಡುಗಿ ಗಿಡುಗಿ ಏನೂ ಇಲ್ಲ. ದಯಮಾಡಿ ಅಪ್ಪನ ಮುಂದೆ ಬಾಯಿ ಬಿಡಬೇಡ. ಇಲ್ಲಿ ಊಟ ಮಾಡಲು ಪುರುಸೊತ್ತಿಲ್ಲ, ನಿನಗೆ ಹುಡುಗಿಯ ಚಿಂತೆ.

ಕೇಳು, ಅಕ್ಕಾ, ನಮ್ಮ ಕೆಲಸ ಎಂಥ ಜೋರಿನಲ್ಲಿ ನಡೆದಿದೆ. ಜಿನದತ್ತನ ತುಕಡಿ ಎರಡೇ ದಿನದಲ್ಲಿ ನಲವತ್ತಾರೂ ಮನೆ ಮುಗಿಸಿತು. ಕಾಲೇಜಿನಿಂದ ತಂದ ಮರಾಠಿ ಫಾರ್ಮಿನಲ್ಲಿ ನಾಲ್ಕು ಕಲಮುಗಳಿದ್ದವು: ದಿವಾ, ನಳ, ನಾಲಿ, ಶಾಳಾ. ಅಂದರೆ ದೀಪ, ನೀರಿನ ನಲ್ಲಿ, ಗಟಾರ, ಶಾಲೆ. ನಲವತ್ತಾರರಲ್ಲಿ ಮೂವತ್ತೊಂದು ಮನೆಯವರು ಕೇಳಿದ್ದು ನಾಲಿ. ಸಂಜೆಯ ಸಭೆಯಲ್ಲಿ ಜಿನದತ್ತ ಅದನ್ನು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಇಷ್ಟು ಒಮ್ಮತ ನಮ್ಮ ಅಡಿಗೆಯ ವಿಷಯದಲ್ಲೂ ಆಗಿರಲಿಲ್ಲ.

ಜಿನದತ್ತನ ಅಪ್ಪ ಓವರ್‌ಸಿಯರ್ ಇದ್ದವರು, ಹಾಗಾಗಿ ಗಟಾರ ಎಂದರೆ ಅವನಿಗೆ ಹಬ್ಬ. ಅವನು ಹೇಳುತ್ತಾನೆ: "ನಾನು ಪೂರ್ತಿ ಕೇಳುವ ಮೊದಲೇ ಅವರು ಹೇಳಿಬಿಡುತ್ತಾರೆ. ಒಬ್ಬಾಕೆ ಬಾಗಿಲು ಹಾಕಿಕೊಳ್ಳುತ್ತಾ 'ನಾಲಿ ಬರೀ' ಅಂದಳು. ಇನ್ನೊಬ್ಬಾಕೆ ಬುತ್ತಿ ಹಿಡಿದುಕೊಂಡು ಓಡುತ್ತಾ, ಕೈ ಬೀಸಿ, 'ನಾಲಿ ಬರೀ, ನಾಲಿ ಬರೀ' ಅಂದಳು. ಕಾನಡಿ ಹೆಂಗಸರಾದರೂ ಮರಾಠಿ ಎಷ್ಟು ಚಂದ ಕಲಿತಿದ್ದಾರೆ." ನಾಲಿ ಬರೀ, ಅಂದರೆ ಗಟಾರವಾದರೆ ಒಳ್ಳೆಯದು ಎಂದು ಅವರ ಬಾಯಿಂದಲೇ ಬಂದ ಮೇಲೆ ನಾವು ತಡ ಮಾಡುವುದುಂಟೇ? ನಿನ್ನೆಯಿಂದ ಅಗೆತ ಸುರು. ಆಬಾಸಾಹೇಬ ಗುದ್ದಲಿ ಎತ್ತಿದರೆ ಉಳಿದವರು ಮಣ್ಣು ಹೊರುವುದರಲ್ಲಿ ಸಾಕಾಗುತ್ತಾರೆ. ಓಣಿಯ ನಡುವೆ ಅರವತ್ತು ಮೊಳ ಆಗಿದೆ. ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಗಲ್ಲದ ಮೇಲೆ ಕೈಯಿಟ್ಟು ನೋಡುತ್ತಾರೆ. ಆಶ್ಚರ್ಯದಿಂದ ಅವರಿಗೆ ಮಾತೇ ಬರುವುದಿಲ್ಲ.

ನಾನು ಹೆಚ್ಚಾಗಿ ಶಾಲೆಯಲ್ಲೇ ಇರುತ್ತೇನೆ. ನಕ್ಷೆ, ಹಾಜರಿ, ಸಾಮಾನು, ಮುಂದಾಳಿನ ಕೆಲಸ ಗೊತ್ತಲ್ಲ.

ನಿನ್ನ
ಸಿದ್ದ


ಗಡಹಿಂಗ್ಲಜ
ಸೋಮವಾರ, ೨೦ ನವೆಂಬರ್ ೧೯೬೧

ಸಿದ್ದಾ,

ನಿನ್ನ ಪತ್ರ ಮಧ್ಯಾಹ್ನದ ಬಿಡುವಿನಲ್ಲಿ ಬಂತು. ಅಪ್ಪನಿಗೆ ಓದಿ ಹೇಳಬೇಕಲ್ಲ, ಮನೆಗೆ ಹೋಗಿ ಹುಡುಗಿಯ ಸಾಲು ಬಿಟ್ಟು ಜೋರಾಗಿ ಓದಿದೆ. "ನಾಲಿ ಬರೀ, ನಾಲಿ ಬರೀ" ಎಂದು ಓದುತ್ತಿದ್ದಂತೆ ಅಪ್ಪ, "ಯಾರಿಗೆ ನಾಳಿ ಬಾ ಅಂತಾರವಾ ಅವರು?" ಎಂದು ಕೇಳಿದರು.

ಆ ಸಾಲನ್ನು ನಾನು ಮತ್ತೊಮ್ಮೆ ಬಾಯಿಬಿಟ್ಟು ಓದಿದೆ. ಆಮೇಲೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತೆ.

ತಮ್ಮಾ, ಅವರು ಗಟಾರ ಕೇಳಿಲ್ಲ. ಕೆಲಸಕ್ಕೆ ಹೊರಟ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾ, ಬುತ್ತಿ ಹಿಡಿದುಕೊಂಡು ಓಡುತ್ತಾ ಏನು ಹೇಳುತ್ತಾರೆ? "ನಾಳಿ ಬರ್ರಿ" ಅಂತಾರೆ. ಈಗ ಪುರುಸೊತ್ತಿಲ್ಲ, ನಾಳೆ ಬನ್ನಿ ಅಂತ. ಮೂವತ್ತೊಂದು ಮನೆಯವರು ನಿಮ್ಮನ್ನು ನಾಳೆ ಬರಲು ಹೇಳಿದರು, ನೀವು ನಾಳೆ ಹೋಗಿ ಅವರ ಬಾಗಿಲ ಮುಂದೆ ತಗ್ಗು ತೋಡಿದಿರಿ. ಗಲ್ಲಕ್ಕೆ ಕೈ ಹಚ್ಚದೆ ಏನು ಮಾಡಬೇಕು ಪಾಪ.

ನಕ್ಕದ್ದು ಮುಗಿದ ಮೇಲೆ ನನಗೆ ನಗು ಬರಲಿಲ್ಲ. ಜಿನದತ್ತ ಕೊಲ್ಹಾಪುರದ ಪೇಟೆಯಲ್ಲಿ ಹುಟ್ಟಿದವನು, ಅವನಿಗೆ ಹೇಗೆ ತಿಳಿಯಬೇಕು? ನಿನಗೆ ಏನಾಗಿತ್ತು? ಒಂದು ಸಲ ಅವರ ಬಾಯಿಂದ ಕೇಳಿದ್ದರೆ ಸಾಕಿತ್ತು. ನೀನು ಆ ಓಣಿಗೆ ಯಾಕೆ ಹೋಗುತ್ತಿಲ್ಲ? ಹೋದ ಪತ್ರದಲ್ಲಿ ಅವರ ಮಾತು ನಿನಗೆ ಬರುತ್ತದೆ ಎಂದು ನಾನು ಹೆಮ್ಮೆಯಿಂದ ಬರೆದಿದ್ದೆ. ಹುಡುಗಿಯ ಮಾತಿಗೆ ಉತ್ತರ ಕೊಟ್ಟೆ, ಇದಕ್ಕೆ ಕೊಡಲಿಲ್ಲ. ಮುಚ್ಚಿದ ಪತ್ರ, ಮರಾಠಿ ವಿಳಾಸ. ನನ್ನ ಅಕ್ಷರ ಯಾರ ಕಣ್ಣಿಗೂ ಬೀಳಬಾರದು, ಅಲ್ಲವೇ? ಹುಡುಗಿಯೇ ಇದ್ದಿದ್ದರೆ ಒಳ್ಳೆಯದಿತ್ತು ಎನಿಸುತ್ತಿದೆ ನನಗೆ.

ಅಕ್ಕ


ಇಚಲಕರಂಜಿ
ಬುಧವಾರ, ೨೨ ನವೆಂಬರ್ ೧೯೬೧, ಸಂಜೆ

ಅಕ್ಕಾ,

ಬಿರಬಿರನೆ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ.

ನೀನು ಹೇಳಿದ್ದು ನಿಜ. ಮೂರು ವರ್ಷದ ಹಿಂದೆ ವಸತಿಗೃಹದಲ್ಲಿ ಮೊದಲ ವಾರ ನಾನು ಉಪ್ಪು ಕೇಳುವಾಗ ಬಾಯಿ ತಪ್ಪಿ ಕನ್ನಡದಲ್ಲಿ ಕೇಳಿದೆ. ಇಡೀ ಪಂಗತಿ ನಕ್ಕಿತು. ಒಂದು ತಿಂಗಳು "ಕಾನಡಿ ಅಪ್ಪಾ, ಉಪ್ಪು" ಎಂದು ಕರೆದರು. ಅಂದಿನಿಂದ ಬಾಯಿಗೆ ಬೀಗ ಹಾಕಿದೆ. ಕನ್ನಡ ಮರೆತುಬಿಟ್ಟಿದ್ದೇನೆ ಎಂದು ಹೇಳಿದೆ, ಅವರೂ ಮರೆತರು. ಅಲ್ಲಿ ನಿನ್ನ ಕಾರ್ಡುಗಳನ್ನು ಟಪಾಲಿನವನ ಕೈಯಿಂದ ನಾನೇ ಇಸಿದುಕೊಂಡು ಮುಚ್ಚಿಡುತ್ತಿದ್ದೆ, ಇಲ್ಲಿ ಅದು ಸಾಧ್ಯವಿಲ್ಲ. ಈಗ ಪ್ರಮುಖನಾದ ಮೇಲೆ ಮತ್ತೆ ಅದು ಏಳುವುದು ನನಗೆ ಬೇಡವಾಗಿತ್ತು.

ಆ ಸಣ್ಣ ಸಂಗತಿ ಇದು. ಮೊದಲ ದಿನ ಹಾಲವ್ವ ಎಂಬಾಕೆ ಒಂದು ಕಾರ್ಡು ಹಿಡಿದುಕೊಂಡು ಬಂದು ನನ್ನ ಮುಂದೆ ಚಾಚಿದಳು. ಕನ್ನಡದ ಕಾರ್ಡು. ಓಣಿಯಲ್ಲಿ ಓದಬಲ್ಲವನು ಹಣಮಂತ ಒಬ್ಬನೇ, ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬಂದಿಲ್ಲ. ನನ್ನ ಹಿಂದೆ ಜಿನದತ್ತ ನಿಂತಿದ್ದ. "ಮಲಾ ಕಾನಡಿ ಯೇತ ನಾಹೀ" ಎಂದುಬಿಟ್ಟೆ, ನನಗೆ ಕನ್ನಡ ಬರುವುದಿಲ್ಲ ಎಂದು. ಆಕೆ ಕಾರ್ಡನ್ನು ಸೆರಗಿಗೆ ಒರೆಸಿ ತಿರುಗಿ ಹೋದಳು. ಮರುದಿನದಿಂದ ನಾನು ಓಣಿಯ ಕಡೆ ಹೋಗಲಿಲ್ಲ.

ಇವತ್ತು ಮಧ್ಯಾಹ್ನ ನಿನ್ನ ಪತ್ರ ಓದಿ ನೇರ ಅವಳ ಮನೆಗೆ ಹೋದೆ. "ಹಾಲವ್ವಾರ, ಆ ಕಾರ್ಡ ಕೊಡ್ರಿ, ನಾ ಓದತೇನಿ" ಎಂದೆ. ಆಕೆ ನನ್ನನ್ನೇ ನೋಡಿ, "ಇವತ್ತ ಎಲ್ಲಿಂದ ಬಂತರೀ ಕನ್ನಡ?" ಎಂದು ಕೇಳಿದಳು. "ಮೊದಲಿಂದೂ ಇತ್ತ್ರಿ. ಮುಚ್ಚಿಟ್ಟಿದ್ದೆ." ಆಕೆ ಬೈಯಲಿಲ್ಲ. "ನಾವು ಬಂದು ಆರು ವರ್ಷ ಆತು, ಯಾರ ಮುಂದೂ ಮುಚ್ಚಿಟ್ಟಿಲ್ಲ. ನಿಮಗೇನಾಗಿತ್ತು?" ಎಂದಳು ಅಷ್ಟೇ.

ಕಾರ್ಡು ತೇರದಾಳದಿಂದ ಆಕೆಯ ತಾಯಿ ಬರೆಸಿದ್ದು. ಹಾಲವ್ವನ ಮಗಳು ಚೆನ್ನವ್ವ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾಳೆ. ಅವಳಿಗೆ ಗಂಡು ಗೊತ್ತಾಗಿದೆ. ಹುಣ್ಣಿಮೆ ದಾಟಿದ ಶುಕ್ರವಾರ ನಿಶ್ಚಯ, ಮುಂಚೆ ಬಾ ಎಂದು ಬರೆದಿದ್ದಾರೆ. ಹುಣ್ಣಿಮೆ ಇವತ್ತು, ಅಕ್ಕಾ. ಶುಕ್ರವಾರ ಎಂದರೆ ನಾಡಿದ್ದು. ಹತ್ತು ದಿನದ ಹಿಂದೆ ನಾನು ಓದಬಹುದಿತ್ತು.

ನಾಳೆ ಮುಂಜಾನೆ ರೈಲು ಹಿಡಿದು ಮೀರಜದಲ್ಲಿ ಬದಲಿಸಿ ಕುಡಚಿಯಲ್ಲಿ ಇಳಿದರೆ, ಅಲ್ಲಿಂದ ತೇರದಾಳ ದೂರವಿಲ್ಲ. ಆದರೆ ಕಾರಖಾನೆಯ ಮಾಲಕ ರಜೆ ಕೊಡುವುದಿಲ್ಲ ಎನ್ನುತ್ತಾನಂತೆ. ಹಾಲವ್ವ ಮಗ್ಗದ ಲಾಳಿಯಲ್ಲಿ ಕೂಡಿಸುವ ಕಂಡಿಕೆಗೆ ನೂಲು ಸುತ್ತುವವಳು, ಅವಳು ನಿಂತರೆ ನಾಲ್ಕು ಮಗ್ಗ ನಿಲ್ಲುತ್ತವೆ. ಈಗ ಸಭೆಗೆ ಹೋಗಬೇಕು. ಹನ್ನೊಂದು ಮಂದಿಗೂ ಎಲ್ಲ ಹೇಳಬೇಕು, ಗಟಾರದ್ದೂ, ನನ್ನದೂ. ನಾನು ಪ್ರಮುಖನಾಗಿರುವುದು ಬೇಡ ಎಂದರೆ ಹಾಜರಿ ಪುಸ್ತಕ ಅವರ ಮುಂದಿಟ್ಟು ಬರುತ್ತೇನೆ. ಆದರೆ ಹಾಲವ್ವ ಮಾತ್ರ ನಾಳೆ ರೈಲು ಹತ್ತಲೇಬೇಕು.

ಸಿದ್ದ


ಗಡಹಿಂಗ್ಲಜ
ಶುಕ್ರವಾರ, ೨೪ ನವೆಂಬರ್ ೧೯೬೧
(ಕಾರ್ಡು)

ಕನ್ನಡ ಬಲ್ಲ ತಂಡದ ಪ್ರಮುಖ ಚಿ. ಕಾಡಸಿದ್ದನಿಗೆ,

ಇನ್ನು ಮೇಲೆ ನಾನು ಕಾರ್ಡೇ ಬರೆಯುವವಳು. ಇದು ಎಷ್ಟು ಜನರ ಕೈ ದಾಟಿ ಬಂದರೂ ನನಗೆ ಚಿಂತೆಯಿಲ್ಲ. ಹಾಲವ್ವ ಮುಟ್ಟಿದಳೇ? ಹುಡುಗರು ಏನೆಂದರು? ಇಲ್ಲಿ ಅಪ್ಪ ಊಟಕ್ಕೆ ಕೂತಾಗಲೂ ಅದನ್ನೇ ಕೇಳುತ್ತಿದ್ದಾರೆ. ಕೂಡಲೇ ಬರಿ. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ, ಆದರೆ ಕಾಳಜಿ ಅದಕ್ಕಿಂತ ಹೆಚ್ಚಿದೆ.

ಬಾಳಕ್ಕ


ಇಚಲಕರಂಜಿ
ಮಂಗಳವಾರ, ೨೮ ನವೆಂಬರ್ ೧೯೬೧

ಪ್ರೀತಿಯ ಅಕ್ಕನಿಗೆ,

ಮುಟ್ಟಿದಳು. ಮೊದಲು ಅಪ್ಪನಿಗೆ ಹೇಳು, ಆಮೇಲೆ ಮುಂದೆ ಓದು.

ಅಂದು ಸಭೆಯಲ್ಲಿ ನಾನು ಎಲ್ಲ ಹೇಳಿ ಮುಗಿಸಿದೆ. ಆಬಾಸಾಹೇಬ ತಲೆ ಕೆರೆದುಕೊಂಡು, "ಆಸಂ ಹೋಯ, ಹೀಗೋ ವಿಷಯ. ಮೂರು ವರ್ಷದಿಂದ ನಿದ್ದೆಯಲ್ಲಿ ನೀನು ಬಡಬಡಿಸುವುದು ಏನೆಂದು ಈಗ ತಿಳಿಯಿತು. ನಾನು ಮಂತ್ರ ಎಂದು ತಿಳಿದಿದ್ದೆ" ಎಂದ. ಎಲ್ಲರೂ ನಕ್ಕರು. ಉಪ್ಪಿನ ದಿನದ ನಗು ಅಲ್ಲ ಅದು. ನನಗೆ ಕಣ್ಣಲ್ಲಿ ನೀರು ಬಂತು.

ಜಿನದತ್ತ ನಗಲಿಲ್ಲ. ಫಾರ್ಮುಗಳ ಕಟ್ಟನ್ನು ನನ್ನ ಮುಂದೆ ಇಟ್ಟು, "ತಪ್ಪು ನನ್ನದಲ್ಲ, ನಿನ್ನದು. ನೀನು ನನ್ನ ಪಕ್ಕ ನಿಂತಿದ್ದರೆ ನಾನು ಊರಿನವರೆದುರು ಹುಚ್ಚನಾಗುತ್ತಿರಲಿಲ್ಲ" ಎಂದ. ನಾನು ಹೌದು ಎಂದೆ, ಹಾಜರಿ ಪುಸ್ತಕವನ್ನು ಅವನ ಕಡೆ ಸರಿಸಿದೆ. ಅವನು ಅದನ್ನು ತಿರುಗಿ ಸರಿಸಿ, "ಅದು ಆಮೇಲೆ. ಮೊದಲು ಆ ಮಾಲಕನ ಹತ್ತಿರ ಹೋಗೋಣ, ಏಳು" ಎಂದ.

ಹನ್ನೆರಡೂ ಜನ ಹೋಗಿ ಮಾಲಕನ ಬಾಗಿಲಲ್ಲಿ ನಿಂತೆವು. "ಅವಳ ಬದಲಿಗೆ ಯಾರು ಕಂಡಿಕೆ ಸುತ್ತುತ್ತಾರೆ?" ಎಂದು ಆತ ಕೇಳಿದ. ಯೋಚನೆ ಮಾಡದೆ, "ನಾವು" ಎಂದೆ. ನಮ್ಮ ಹಿಂದೆಯೇ ಬಂದಿದ್ದ, ಹಾಲವ್ವನ ಪಕ್ಕದ ಮನೆಯ ಫಕೀರವ್ವ, "ನಾ ಕಲಸತೇನ್ರಿ ಇವರಿಗೆ. ಮಣ್ಣ ಅಗಿಯೂದಕ್ಕಿಂತ ಸಲೀಸ ಐತಿ" ಎಂದು ಜಾಮೀನು ನಿಂತಳು. ಗುರುವಾರ ಮುಂಜಾನೆ ಹಾಲವ್ವನನ್ನು ಹಾತಕಣಂಗಲೆಯಲ್ಲಿ ರೈಲಿಗೆ ಹತ್ತಿಸಿ ಓಡಿ ಬಂದು ರಾಟೆಗೆ ಕೂತೆವು. ಗೋಡೆಯ ಮೇಲಿನ ತುಕಡಿಗಳನ್ನೆಲ್ಲ ಅಳಿಸಿ ಹೊಸದಾಗಿ ಪಾಳಿ ಬರೆದೆ: ಮೂವರು ರಾಟೆಗೆ, ಉಳಿದವರು ಓಣಿಗೆ. ಆಬಾಸಾಹೇಬ ಮುಟ್ಟಿದ್ದೇ ತಡ ನೂಲು ಹರಿಯುತ್ತಿತ್ತು. ಫಕೀರವ್ವ ಅವನ ಕೈಗೆ ಹೊಡೆದು, "ಇದು ಕುಸ್ತಿ ಅಲ್ಲೋ ಯಪ್ಪಾ, ಹಗರಕ ಹಿಡಿ" ಎನ್ನುವಳು. ಅವನಿಗೆ ಆ ಮಾತಿನ ಒಂದಕ್ಷರ ತಿಳಿಯದಿದ್ದರೂ ಮೂರನೆಯ ದಿನಕ್ಕೆ ಚೆನ್ನಾಗಿ ಸುತ್ತಿದ.

ಜಿನದತ್ತ ನನ್ನನ್ನು ಕರೆದುಕೊಂಡು ನಲವತ್ತಾರು ಮನೆಗೂ ಮತ್ತೆ ಹೋದ. ಈ ಸಲ ಸಂಜೆ, ಅವರು ಕೆಲಸದಿಂದ ಬಂದು ಮುಖ ತೊಳೆದ ಮೇಲೆ. ಅವನು ಬರೆಯುವವನು, ಕೇಳುವವನು ನಾನು. ಗಟಾರ ಮುಚ್ಚಬೇಕೇ ಎಂದು ಕೇಳಿದರೆ ಫಕೀರವ್ವ, "ನಾಳಿ ಅಂದ್ರ ನಾಲಿ ತೋಡಿದ್ರಿ. ತೋಡಿದ್ದ ಇರಲಿ, ಮ್ಯಾಲ ಹಾಸಗಲ್ಲ ಹಾಕಿ ಕೊಡ್ರಿ, ದಾಟಾಕ ಬರ್ತೈತಿ" ಎಂದಳು. ಓಣಿಯಲ್ಲಿ ನಿಂತಿದ್ದ ನೀರು ಮೊನ್ನೆಯಿಂದ ಹರಿದುಹೋಗುತ್ತಿದೆ, ಅಷ್ಟು ಲಾಭ ಆಯಿತು. ಆದರೆ ನಿಜವಾಗಿ ಅವರು ಕೇಳಿದ್ದು ನಮ್ಮ ನಾಲ್ಕು ಕಲಮಿನಲ್ಲಿ ಎಲ್ಲಿಯೂ ಇರಲಿಲ್ಲ. ಊರಿಂದ ಬಂದ ಕಾಗದ ಓದುವವರು ಬೇಕು, ತಿರುಗಿ ಬರೆಯುವವರು ಬೇಕು. ಇಪ್ಪತ್ತೆಂಟು ಮನೆಯಲ್ಲಿ ಅದೇ ಮಾತು. ಡಬ್ಬಿಯಲ್ಲಿ, ಗೋಡೆಯ ಸಂದಿನಲ್ಲಿ, ದೇವರ ಪಟದ ಹಿಂದೆ ಓದದ ಕಾರ್ಡುಗಳು. ಎಲ್ಲ ಓದಿದೆ ಅಕ್ಕಾ. ಎಮ್ಮೆ ಈದದ್ದು, ಯಾರೋ ಜಗಳ ಬಿಟ್ಟದ್ದು, ಒಬ್ಬ ಅಜ್ಜ ತೀರಿಕೊಂಡದ್ದು. ನನ್ನ ಗಂಟಲು ಬಿದ್ದುಹೋಗಿದೆ.

ನಿನ್ನ ಕಾರ್ಡು ಬಂದ ದಿನ ಅದನ್ನು ನನ್ನ ಕೈಗೆ ಕೊಟ್ಟವನು ಜಿನದತ್ತ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನು ಬರೆದಿದ್ದಾರೆ, ಓದು" ಎಂದ. ಓದಿದೆ. ಸಿಟ್ಟಿನ ಸಾಲೂ ಓದಿದೆ. ಅಕ್ಕನಿಗೆ ನನ್ನ ನಮಸ್ಕಾರ ಬರಿ, ಸಿಟ್ಟಿನ ವಿಷಯದಲ್ಲಿ ನಾನೂ ಅವರ ಕಡೆ ಎಂದು ಬರಿ ಎಂದಿದ್ದಾನೆ.

ಹಾಲವ್ವ ಭಾನುವಾರ ಸಂಜೆ ಬಂದಳು. ಸಕ್ಕರೆ ಪುಡಿಕೆ ಬಿಚ್ಚಿ ಹನ್ನೆರಡೂ ಜನರ ಅಂಗೈಗೆ ಹಾಕಿದಳು. ನನ್ನ ಸರದಿ ಬಂದಾಗ ನಿಂತು, "ಮೊದಲನೇ ದಿನಾ ಓದಿದ್ರ ಮಗಳಿಗೆ ಒಂದ ಸೀರಿ ತಗೊಂಡ ಹೋಗತಿದ್ದೆ. ಬರಿಗೈಲೆ ಹೋದೆ, ಸರ" ಎಂದಳು. ನನ್ನ ಕೈಗೂ ಸಕ್ಕರೆ ಹಾಕಿದಳು, ಎಲ್ಲರಿಗಿಂತ ಕಡಿಮೆ ಹಾಕಲಿಲ್ಲ.

ನಿನ್ನೆ ಸರ್ ಬಂದರು. ಪ್ರಗತಿ ವರದಿಯನ್ನು ಜಿನದತ್ತ ಓದಿದ, ನಮ್ಮ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದಿದ್ದ. ಸರ್ ಬಹಳ ಹೊತ್ತು ನಕ್ಕು, "ಪ್ರಮುಖ ಯಾರು ಈಗ?" ಎಂದು ಕೇಳಿದರು. ಹನ್ನೊಂದು ಬೆರಳು ನನ್ನ ಕಡೆ ತಿರುಗಿದವು.

ಸಂಜೆ ಎರಡು ತಾಸು ಅಕ್ಷರ ಕಲಿಸಲು ಸುರು ಮಾಡಿದ್ದೇನೆ. ಹದಿನೇಳು ಹೆಂಗಸರು ಬರುತ್ತಾರೆ, ಹಿಂದಿನ ಸಾಲಿನಲ್ಲಿ ಆಬಾಸಾಹೇಬ. ಗುರುವಾರ ನಾವು ಕೊಲ್ಹಾಪುರಕ್ಕೆ ಹೊರಡಬೇಕು. ಆಮೇಲೆ ಯಾರು ಕಲಿಸುತ್ತಾರೆ ಎಂದು ಹಾಲವ್ವ ಕೇಳಿದಳು. ಶನಿವಾರ ಭಾನುವಾರ ನಾನು ಬಂದು ಹೋಗುತ್ತೇನೆ, ಆದರೆ ಅಷ್ಟರಿಂದ ಆಗುವುದಿಲ್ಲ. ಗಡಹಿಂಗ್ಲಜದಲ್ಲಿ ನನ್ನ ಅಕ್ಕ ಇದ್ದಾಳೆ, ನನಗೆ ಕಲಿಸಿದವಳೇ ಆಕೆ, ಅವಳ ಶಾಲೆಗೆ ಡಿಸೆಂಬರಿನಲ್ಲಿ ರಜೆ ಇದೆ, ಟ್ರಂಕಿನಲ್ಲಿ ಒಂದು ಪಾಟಿ ಇದೆ ಎಂದು ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪಾದರೆ ಅದೂ ನನ್ನ ಲೆಕ್ಕಕ್ಕೇ ಇರಲಿ.

"ಹಂಗಾರ ಅಕ್ಕಾರಿಗೆ ನಾನ ಬರೀತೇನಿ" ಎಂದಳು ಹಾಲವ್ವ. ನಾಲ್ಕೇ ಅಕ್ಷರ ಬೇಕಾಗುತ್ತವೆ, ಹೆಸರಿಗೆ ಇನ್ನು ಮೂರು. ಎರಡು ಸಂಜೆ ಕೂತು ತಿದ್ದಿದ್ದಾಳೆ. ಪೆನ್ಸಿಲ್ ಎರಡು ಸಲ ಮುರಿಯಿತು. ಈ ಪುಟದ ಕೆಳಗಿನದು ನನ್ನ ಕೈಯದಲ್ಲ, ಅವಳ ಕೈಯದು. ನಾನು ಮುಟ್ಟಿಲ್ಲ.

ನಾಳಿ ಬರ್ರಿ
ಹಾಲವ್ವ